ಸೀತೆ ಆಟಕ್ಕೆ ಹತ್ತರಲ್ಲಿ ಎಷ್ಟು

ಕೋಳಿಯೇ ಇರಬೇಕು, ಪಕ್ಕದ ಹೆಂಗಸಿನ ಬುಟ್ಟಿಯ ಸಂದಿನಿಂದ ಕೊಕ್ಕು ಹೊರಗೆ ಹಾಕಿ ನನ್ನ ತೊಡೆಯ ಮೇಲಿನ ಕಾಗದದ ಕಟ್ಟನ್ನು ಕುಕ್ಕುತ್ತಿದೆ, ಒಳಗೆ ಕಾಳಿಲ್ಲ ಮಾರಾಯ್ತಿ, ಒಳಗಿರುವುದು ಹಲಸಿನ ಹಲಗೆ, ಕಡ್ಡಿಯ ಮೇಲಿಂದ ಕಡ್ಡಿ ಹಾರಿಸುತ್ತಾ ಕೊನೆಗೆ ಒಂದನ್ನೇ ಉಳಿಸುವ ಆಟದ್ದು, ಮೂವತ್ತೆರಡು ಗುಳಿ ಕೊರೆದದ್ದು, ಮೂವತ್ತಮೂರು ಇರಬೇಕಿತ್ತು, ಮೂಡಬಿದಿರೆಯ ಆಚಾರಿ ನಡುವಿನದನ್ನು ಕೊರೆಯಲೇ ಇಲ್ಲ, ನಡುವಿನ ಗುಳಿಯಲ್ಲಿ ಕಡ್ಡಿ ಇಡ್ಲಿಕ್ಕಿಲ್ಲ ಅಂತ ನೀವೇ ಹೇಳಿದ್ದಲ್ಲವಾ ಟೀಚರೇ, ಮತ್ತೆ ಸುಮ್ಮನೆ ತೂತು ಯಾಕೆ ಎನ್ನುತ್ತಾನೆ — ಆ ಒಂದು ತೂತು ಖಾಲಿ ಇಲ್ಲದಿದ್ದರೆ ಮೊದಲನೆಯ ಕಡ್ಡಿ ಹಾರುವುದೆಲ್ಲಿಗೆ, ಎದುರಿಗೆ ಕೂತು ಕೊರೆಸಿಕೊಂಡು ಬರಬಹುದಿತ್ತು, ಅಷ್ಟು ತಾಳ್ಮೆ ಇವತ್ತು ಇರಲಿಲ್ಲ, ಬಸ್ಸು ತಪ್ಪಿಹೋಗುತ್ತದೆ ಎಂದು ಓಡಿಬಂದೆ, ಈಗ ಬಸ್ಸು ಹೊರಟ ಮೇಲೆ ಯಾಕಾದರೂ ಹತ್ತಿದೆನೋ ಅನ್ನಿಸುತ್ತಿದೆ, ಇದು ಸಿದ್ಧಕಟ್ಟೆಯಲ್ಲಿ ನಿಲ್ಲುತ್ತದೆ. ಆಚಾರಿಗೆ ಹತ್ತರಲ್ಲಿ ನಾಲ್ಕು. ಎಲ್ಲದಕ್ಕೂ ಅಂಕ ಕೊಡುವುದು ನನ್ನ ಚಾಳಿ, ಹದಿನೆಂಟು ವರ್ಷದಿಂದ ಬಂಟ್ವಾಳದ ಹುಡುಗಿಯರಿಗೆ ಕೊಟ್ಟಿದ್ದೇನೆ, ಮೂರು ವರ್ಷದಿಂದ ಮಂಗಳೂರಿನ ಮಾಸಪತ್ರಿಕೆಯ ಕೊನೆಯ ಪುಟದಲ್ಲಿ ಆಟಗಳಿಗೂ ಕೊಡುತ್ತಿದ್ದೇನೆ, ಒಬ್ಬರೇ ಕೂತು ಆಡಬಹುದಾದ ಆಟಗಳು, ಬರೆಯುವವಳ ಹೆಸರಿನ ಜಾಗದಲ್ಲಿ ‘ಒಬ್ಬಳು’ ಎಂದಷ್ಟೇ ಇರುತ್ತದೆ, ಈ ಒಬ್ಬಳು ಶಶಿಪ್ರಭಾ ಟೀಚರ್ ಎಂದು ಸಂಪಾದಕ ಶೇಖರರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಗೊತ್ತಿರಲಿಲ್ಲ, ಗುರುವಾರದವರೆಗೆ ಗೊತ್ತಿರಲಿಲ್ಲ ಎಂದುಕೊಂಡಿದ್ದೆ. ಗುರುವಾರ ಶೇಖರರು ಒಂದು ಓದುಗರ ಕಾಗದವನ್ನು ಲಕೋಟೆಯಲ್ಲಿಟ್ಟು ಕಳಿಸಿದರು, ಪ್ರಶ್ನೆ ಸ್ವಾರಸ್ಯವಾಗಿದೆ, ಉತ್ತರ ಮಂಗಳವಾರದ ಒಳಗೆ ಬರಲಿ. ಕಾಗದ ಈ ಕೈಚೀಲದಲ್ಲಿದೆ. ಕೆಳಗೆ ಸಹಿ, ನೀಲಾವತಿ, ಸಿದ್ಧಕಟ್ಟೆ, ನನ್ನ ತಂಗಿ.

ಉತ್ತರ ಬರೆಯಬೇಕು, ಬರೆಯೋಣ, ಮಾನ್ಯ ಓದುಗರೇ, ತಮ್ಮ ಪ್ರಶ್ನೆ ಆಟದ ನಿಯಮಕ್ಕೆ ಸಂಬಂಧಿಸಿದ್ದಲ್ಲವಾದ್ದರಿಂದ — ಇದು ಬೇಡ, ಇದು ಜಿಲ್ಲಾ ಬೋರ್ಡಿನ ಆಫೀಸಿನಿಂದ ಬರುವ ಕಾಗದದಂತಿದೆ. ಆಟಗಳ ಬಗ್ಗೆ ಬರೆಯುವಾಗ ಪೆನ್ನು ತಾನಾಗಿ ಓಡುತ್ತಿತ್ತು, ಇಸ್ಪೀಟಿನ ಪೇಷೆನ್ಸಿಗೆ ಆರು ಕೊಟ್ಟಿದ್ದೆ, ಏಳು ಸಾಲು ಹಾಕಿ, ಕೆಂಪಿನ ಮೇಲೆ ಕಪ್ಪು ಕಪ್ಪಿನ ಮೇಲೆ ಕೆಂಪು ಜೋಡಿಸುತ್ತಾ ಇಳಿಯುವುದು, ಎಲೆಗಳನ್ನು ಕುಚ್ಚಲಕ್ಕಿಯ ಡಬ್ಬಿಯಲ್ಲಿ ಅಡಗಿಸಿಡಬೇಕಾಗಿತ್ತು, ಅಮ್ಮ ನೋಡಿದರೆ ಟೀಚರಿಗೆ ಇಸ್ಪೀಟಾ ಎಂದು ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದಳು, ಆ ಆಟದ ದೋಷವೆಂದರೆ ಮೋಸ ಬಹಳ ಸುಲಭ, ಮುಚ್ಚಿದ ಎಲೆಯನ್ನು ತುಸು ಎತ್ತಿ ನೋಡಿದರೆ ಕೇಳುವವರಿಲ್ಲ, ನಾನು ಎತ್ತಿ ನೋಡಿದ್ದೇನೆ, ನೋಡಿಲ್ಲವೆಂದು ಬರೆದಿದ್ದೇನೆ. ಹುಲಿ ಮತ್ತು ದನದ ಆಟ ಒಬ್ಬಳೇ ಎರಡೂ ಕಡೆ ಆಡಿದರೆ ಐದು, ಯಾಕೆಂದರೆ ಎಷ್ಟು ನ್ಯಾಯವಾಗಿ ಆಡುತ್ತೇನೆಂದರೂ ಕೊನೆಗೆ ಹುಲಿಯ ಪರವಾಗಿಯೇ ಕೈ ಹೋಗುತ್ತದೆ. ಹಾವು ಏಣಿಗೆ ಎರಡು, ಅದೂ ದಾಕ್ಷಿಣ್ಯಕ್ಕೆ. ಚೈನೀಸ್ ಚೆಕರ್ಸ್ ಬಗ್ಗೆ ಒಂದೂವರೆ ಪುಟ ಬರೆದಿದ್ದೆ, ಹೋದ ವರ್ಷ, ಚೀನದ ಯುದ್ಧ ನಡೆಯುತ್ತಿತ್ತು, ಶೇಖರರು ಹಾಗೆಯೇ ಹಿಂದಕ್ಕೆ ಕಳಿಸಿದರು, ಸದ್ಯಕ್ಕೆ ಈ ಹೆಸರು ಬೇಡ ಟೀಚರೇ, ಪ್ರೆಸ್ಸಿಗೆ ಕಲ್ಲು ಬಿದ್ದೀತು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು, ಪಾಣೆಮಂಗಳೂರಿನ ಸಫಿಯಮ್ಮನ ಕಾಗದ ಬರುವವರೆಗೆ, ಗಂಡ ತೀರಿಹೋಗಿದ್ದಾರೆ, ಇದ್ದತ್ತಿನಲ್ಲಿದ್ದೇನೆ, ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕು, ಎಲೆ ಬೇಡ, ದಾಳ ಬೇಡ, ಪಂಥ ಬೇಡ, ಕೈಗೆ ಏನಾದರೂ ಕೆಲಸ ಕೊಡುವ ಆಟ ಇದ್ದರೆ ತಿಳಿಸಿ ಅಕ್ಕಾ ಎಂದು ಮೊಮ್ಮಗಳಿಂದ ಬರೆಸಿದ್ದರು. ಓದಿ ಮುಗಿಸುವ ಮೊದಲೇ ಉತ್ತರ ಗೊತ್ತಿತ್ತು, ಸೀತೆ ಆಟ. ಎರಡು ದಿನ ಬೇರೆ ಹುಡುಕಿದೆ, ಬೇರೆ ಸಿಗಲಿಲ್ಲ. ಹೋದ ತಿಂಗಳ, ಆಟಿಯ ಸಂಚಿಕೆಗೆ ಅದನ್ನೇ ಬರೆದೆ.

ಚೆನ್ನೆಮಣೆ, ಎರಡು ಸಾಲು, ಒಟ್ಟು ಹದಿನಾಲ್ಕು ಗುಳಿ, ಇಬ್ಬರು ಎದುರುಬದುರು ಕೂತು ಆಡುವುದು ಊರಿಗೆಲ್ಲ ಗೊತ್ತು, ಆದರೆ ಅದನ್ನೇ ಒಬ್ಬಳೇ ಆಡುವುದಕ್ಕೆ ನಮ್ಮ ಮನೆಯಲ್ಲಿ ಸೀತೆ ಆಟ ಎನ್ನುತ್ತಿದ್ದರು, ಅಶೋಕವನದಲ್ಲಿ ಸೀತೆಗೆ ಎದುರು ಕೂರುವವರಿರಲಿಲ್ಲವಂತೆ. ಏಳು ಗುಳಿಗಳಲ್ಲಿ ಏಳು, ಆರು, ಐದು, ನಾಲ್ಕು, ಮೂರು, ಎರಡು, ಒಂದು, ಹೀಗೆ ಕೆಂಪು ಮಂಜೊಟ್ಟಿ ಬೀಜಗಳನ್ನು ಇಡಬೇಕು, ಉಳಿದ ಏಳು ಖಾಲಿ, ಮೊದಲಿನ ಏಳನ್ನು ಎತ್ತಿ ಮುಂದಿನ ಏಳು ಗುಳಿಗೆ ಒಂದೊಂದು ಹಾಕಿದರೆ ಮತ್ತೆ ಅದೇ ಏಳು ಆರು ಐದು ನಾಲ್ಕು, ಒಂದು ಗುಳಿ ಮುಂದಕ್ಕೆ ಸರಿದಿರುತ್ತದೆ, ಇನ್ನೊಮ್ಮೆ ಎತ್ತು, ಇನ್ನೊಮ್ಮೆ, ಹದಿನಾಲ್ಕು ಸಲ ಎತ್ತಿದರೆ ಮೆರವಣಿಗೆ ಮಣೆಯನ್ನು ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲುತ್ತದೆ, ಸೋಲು ಇಲ್ಲ, ಗೆಲುವು ಇಲ್ಲ, ಮುಗಿಯುವುದೂ ಇಲ್ಲ, ಸಫಿಯಮ್ಮನವರಿಗೆ ಇದಕ್ಕಿಂತ ಒಳ್ಳೆಯದು ನನಗೆ ತೋರದು, ಹತ್ತರಲ್ಲಿ ಒಂಬತ್ತು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ, ಪುಟದಲ್ಲಿ ನಾಲ್ಕು ಸಾಲಿಗೆ ಜಾಗ ಉಳಿದಿತ್ತು, ಅಲ್ಲಿ ಬರೆದುಬಿಟ್ಟೆ, ಬೇಸರವಾದರೆ ಇನ್ನೊಬ್ಬಳು ಪಕ್ಕದಲ್ಲಿ ಕೂತು ಎಡಗೈಯಾಗಿ ಒದಗಬಹುದು, ಬಲಗೈ ಎತ್ತಿದ್ದನ್ನು ಎಡಗೈ ಹಾಕುತ್ತದೆ, ಆಗಲೂ ಅದು ಒಬ್ಬಳ ಆಟವೇ. ಯಾಕೆ ಬರೆದೆ, ಯಾರು ಕೇಳಿದ್ದರು, ಇಪ್ಪತ್ತೇಳು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ನಾಲ್ಕು ಸಾಲಿನ ಖಾಲಿ ಜಾಗ ನೋಡಿ ಬಾಯಿಬಿಟ್ಟೆ. ನೀಲುವಿನ ಕಾಗದದಲ್ಲಿ ಇರುವುದು ಒಂದೇ ಪ್ರಶ್ನೆ, ನನಗೆ ಬಾಯಿಪಾಠವಾಗಿದೆ, ಸೀತೆ ಆಟದಲ್ಲಿ ಎರಡನೆಯವಳ ಎಡಗೈ ತಾನಾಗಿ ಬಂತೋ, ಕರೆದದ್ದಕ್ಕೆ ಬಂತೋ, ದಯವಿಟ್ಟು ಮುಂದಿನ ಸಂಚಿಕೆಯಲ್ಲಿ ತಿಳಿಸಿ. ಹಲಗೆಗೆ ಸುತ್ತಿದ ಕಾಗದವನ್ನು ಕೋಳಿ ಹರಿದೇಬಿಟ್ಟಿತು, ಹೆಂಗಸು ಬುಟ್ಟಿಯನ್ನು ಆಚೆ ಸರಿಸಿ ಬೇಜಾರು ಮಾಡ್ಬೇಡಿ ಅಮ್ಮಾ ಎನ್ನುತ್ತಾಳೆ, ಇಲ್ಲ ಇಲ್ಲ ಎಂದೆ, ಏನು ಇಲ್ಲ ಎಂದೆನೋ ನನಗೇ ತಿಳಿಯಲಿಲ್ಲ.

ಕರೆದದ್ದಕ್ಕೆ ಬಂತು. ನಾನು ಹದಿನಾಲ್ಕು, ಅವಳು ಹತ್ತು, ಆಟಿಯ ಜಡಿಮಳೆ, ಭೋಜನಿಗೆ ಜ್ವರ, ನಾಲ್ಕು ವರ್ಷದ ತಮ್ಮ, ಚಾಪೆಯ ಮೇಲೆ ಮಲಗಿದ್ದ, ಒದ್ದೆ ಬಟ್ಟೆ ಬದಲಿಸುತ್ತಾ ಇರಿ ಎಂದು ಅಮ್ಮ ನಮ್ಮಿಬ್ಬರನ್ನು ಕೂರಿಸಿ ಹೋಗಿದ್ದಳು, ಕೂತು ಕೂತು ಬೇಸರ, ಅಟ್ಟದಿಂದ ಮಣೆ ಇಳಿಸಿದೆ, ಬಾ ನೀಲು ಆಡುವ. ಬೇಡ ಅಕ್ಕ, ಅಕ್ಕತಂಗಿ ಚೆನ್ನೆ ಆಡಿದ್ರೆ ಮನೆಗೆ ಆಗುದಿಲ್ಲ, ಯಾರಾದ್ರೂ ಸಾಯ್ತಾರೆ. ನಮ್ಮ ಕಡೆ ಯಾವ ಮನೆಯಲ್ಲಿ ಕೇಳಿದರೂ ಇದನ್ನೇ ಹೇಳುತ್ತಾರೆ, ಒಡಹುಟ್ಟಿದವರು ಆ ಮಣೆಗೆ ಎದುರುಬದುರು ಕೂರಬಾರದು, ಆದರೆ ನನಗೆ ಆಗಲೇ ವಕೀಲರ ಬುದ್ಧಿ, ಎದುರುಬದುರು ಕೂತರೆ ತಾನೇ ದೋಷ, ಇಬ್ಬರೂ ಒಂದೇ ಬದಿಗೆ ಕೂರುವ, ಆಡುವವಳು ನಾನೊಬ್ಬಳೇ, ಇದು ಸೀತೆ ಆಟ, ನೀನು ನೀಲು ಅಲ್ಲ, ನೀನು ನನ್ನ ಎಡಗೈ. ಅವಳು ನಕ್ಕಳು, ಎಷ್ಟು ನಕ್ಕಳೆಂದರೆ ಭೋಜ ಕಣ್ಣು ಬಿಟ್ಟು ನೋಡಿದ, ತನ್ನ ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನನಗೆ ಅಂಟಿ ಕೂತಳು, ನಾನು ಎತ್ತುತ್ತೇನೆ ಅವಳು ಹಾಕುತ್ತಾಳೆ, ಏಳು ಆರು ಐದು ನಾಲ್ಕು, ಒಂದೂ ತಪ್ಪಲಿಲ್ಲ, ಅಷ್ಟು ಚೆನ್ನಾಗಿ ನಾನು ಯಾರೊಂದಿಗೂ ಯಾವ ಆಟವನ್ನೂ ಆಡಿಲ್ಲ. ಮೂರನೆಯ ದಿನ ಭೋಜ ಹೋದ. ವಿಷಮಜ್ವರ, ಅದು ಕೆಟ್ಟ ನೀರಿನಿಂದ ಬರುತ್ತದೆ, ನಾನೇ ಆರನೆಯ ಕ್ಲಾಸಿಗೆ ಆರೋಗ್ಯಶಾಸ್ತ್ರ ಹೇಳಿಕೊಡುತ್ತೇನೆ, ಹೇಗೆ ಬರುತ್ತದೆ ಹೇಗೆ ಹರಡುತ್ತದೆ ಎಂದು ಚಿತ್ರ ಬರೆಸುತ್ತೇನೆ, ಆದರೆ ಅವತ್ತು ಅಮ್ಮ ಚಾಪೆ ಮಡಚುವಾಗ ಕೆಳಗೆ ಒಂದು ಮಂಜೊಟ್ಟಿ ಸಿಕ್ಕಿತು, ಅದನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದಳು, ಇಬ್ಬರೂ ಆಡಿದಿರಾ. ಇಲ್ಲ ಅಮ್ಮಾ, ನಾನು ಒಬ್ಬಳೇ ಸೀತೆ ಆಟ ಆಡ್ತಿದ್ದೆ, ನೀಲು ಬಂದು ಕೈ ಹಾಕಿದಳು. ಹೀಗೆಯೇ ಹೇಳಿದೆ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ, ಹೇಳುವಾಗ ನಾಲಗೆ ತಡವರಿಸಲೂ ಇಲ್ಲ. ಆಮೇಲೆ ಇಪ್ಪತ್ತೇಳು ವರ್ಷ ಒಬ್ಬಳೇ ಆಡಿದೆ.

ಕಂಡಕ್ಟರ್ ಸಿದ್ಧಕಟ್ಟೆ ಸಿದ್ಧಕಟ್ಟೆ ಎಂದು ಕೂಗುವುದಕ್ಕೆ ಇನ್ನು ಎರಡು ತಿರುವು ಇರಬೇಕು, ಪ್ರತಿ ಸಲ ಈ ತಿರುವಿನಲ್ಲಿ ಸೆರಗನ್ನು ತಲೆಗೆ ಎಳೆದುಕೊಂಡು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚುತ್ತೇನೆ, ಬಸ್ಸು ನಿಲ್ಲುವುದು ಸರಿಯಾಗಿ ಹುಕ್ರಪ್ಪನ ಚಹಾ ಹೋಟೆಲಿನ ಎದುರಿಗೆ, ಹುಕ್ರಪ್ಪ ನೀಲುವಿನ ಗಂಡ, ಡ್ರೈವರ್ ಇಳಿದು ಚಹಾ ಕುಡಿದು ಬಸ್ಸಿಗೂ ನೀರು ಕುಡಿಸಿ ಹೊರಡುವಷ್ಟರಲ್ಲಿ ಹತ್ತು ನಿಮಿಷ, ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುವುದು ಎಂಥ ಆಟವೋ, ಅದಕ್ಕೂ ಅಂಕ ಕೊಡಬೇಕು. ಅವತ್ತು ಯಾವ ಕೈ ಎಂದು ಅಮ್ಮ ಕೇಳಿದ್ದಳು. ಒಲೆಯಲ್ಲಿ ಸಟ್ಟುಗ ಕಾಯುತ್ತಿತ್ತು, ಯಾವ ಕೈ ಹಾಕಿದ್ದು ತೋರಿಸು, ಮತ್ತು ನೀಲು, ಓಡಿಹೋಗಲಿಲ್ಲ, ನನ್ನ ಕಡೆ ತಿರುಗಿ ನೋಡಲೂ ಇಲ್ಲ, ಎಡಗೈಯನ್ನು ಮುಂದೆ ಚಾಚಿ ಅಂಗೈ ಬಿಡಿಸಿ ಹಿಡಿದಳು, ಎಡಗೈಯೇ, ನಾನು ಹೆಸರಿಟ್ಟ ಕೈ. ನನ್ನ ಬಲಗೈ ಲಂಗದ ನೆರಿಗೆಯಲ್ಲಿತ್ತು. ಅಲ್ಲಿಯೇ ಇತ್ತು. ಸುಟ್ಟ ಗಾಯ ಮಾಯುವಾಗ ಚರ್ಮ ಎಳೆದು ಎರಡು ಬೆರಳು ಮಡಚಿಕೊಂಡವು, ಮತ್ತೆ ನೆಟ್ಟಗಾಗಲಿಲ್ಲ, ಬೆಳ್ತಂಗಡಿಯಿಂದ ಸೋದರಮಾವ ಬಂದು ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋದರು, ಅಲ್ಲಿಂದಲೇ ಮದುವೆ, ಮದುವೆಗೆ ಅಮ್ಮ ಹೋದದ್ದೇನೋ ಹೌದು, ನೀಲು ಬಾಯಾರಿಕೆಗೆ ಎಂದು ಬೆಲ್ಲ ನೀರು ತಂದುಕೊಟ್ಟರೆ ಮುಖ ತಿರುಗಿಸಿದಳು, ಗಂಡುಮಗುವನ್ನು ತಿಂದ ಕೈಯ ನೀರು ನನಗೆ ಇಳಿಯುವುದಿಲ್ಲ. ನೂರು ಜನರ ಎದುರು. ನೀಲು ನೀರನ್ನು ಹಿಂದಕ್ಕೆ ತೆಗೆದುಕೊಂಡು ಒಳಗೆ ಹೋದಳು, ನಾನು ಕಂಬದ ಪಕ್ಕದಲ್ಲಿದ್ದೆ, ನನ್ನ ಬಾಯಲ್ಲಿ ಲಾಡು ಇತ್ತು, ನುಂಗಿದೆ. ನನಗೆ ನಾಚಿಕೆಯಾಗುತ್ತದೆ, ಆಗ ಆಗಿರಲಿಲ್ಲ, ಆಗ ಹೆದರಿಕೆ ಮಾತ್ರ ಇತ್ತು, ನಾಚಿಕೆ ಆಮೇಲೆ ಬಂದದ್ದು, ಬಂದದ್ದು ಹೋಗಲಿಲ್ಲ. ಈಗ ಅಮ್ಮ ಬಂಟ್ವಾಳದ ಬಾಡಿಗೆ ಮನೆಯಲ್ಲಿ ಮಲಗಿದ್ದಾಳೆ, ಬಚ್ಚಲಲ್ಲಿ ಜಾರಿ ಸೊಂಟ ಮುರಿದಿದೆ, ಎದೆಯೂ ಸೋತಿದೆ, ಚೌತಿ ದಾಟಿದರೆ ಹೆಚ್ಚು ಟೀಚರೇ, ನೋಡಬೇಕಾದವರಿಗೆಲ್ಲ ಹೇಳಿಕಳಿಸಿ ಎಂದು ಡಾಕ್ಟರರು ಹೇಳಿ ಆರು ದಿನವಾಯಿತು, ಸೋದರತ್ತೆಯ ಮಗ ಸುಧಾಕರ ಭಾವ ಬಂದು ಹೋದರು, ಮಾವನ ಮಕ್ಕಳು ಬಂದು ಹೋದರು, ಎಲ್ಲರಿಗೂ ಹೇಳು ಅವಳೊಬ್ಬಳನ್ನು ಬಿಟ್ಟು ಎಂದಿದ್ದಾಳೆ ಅಮ್ಮ. ನಾನು ಹೂಂ ಎಂದೆ. ಪಕ್ಕದ ಮನೆಯ ಜಲಜಾಕ್ಷಿಯನ್ನು ಅವಳ ಹತ್ತಿರ ಕೂರಿಸಿ, ಆಟದ ಹಲಗೆ ತರಬೇಕು ಎಂದು ಮೂಡಬಿದಿರೆಗೆ ಬಂದೆ, ತಾಯಿ ಸಾಯಲು ಮಲಗಿರುವಾಗ ಯಾರಾದರೂ ಆಟದ ಹಲಗೆ ತರಲು ಹೋಗುತ್ತಾರೆಯೇ, ಹಲಗೆ ನೆಪ, ಈ ಬಸ್ಸಿನಲ್ಲಿ ಕೂರುವುದಕ್ಕೆ ನನಗೆ ಒಂದು ನೆಪ ಬೇಕಿತ್ತು.

ನಿಂತಿತು. ಡ್ರೈವರ್ ಇಳಿದ. ಕಣ್ಣು ಮುಚ್ಚಬೇಕು, ಸೆರಗು ಎಳೆದುಕೊಳ್ಳಬೇಕು — ಮಾನ್ಯ ಓದುಗರೇ, ಕೈ ತಾನಾಗಿ ಬರಲಿಲ್ಲ, ಕರೆದದ್ದಕ್ಕೆ ಬಂತು, ಇಷ್ಟೇ ಸಾಕು, ಸೋಮವಾರ ಟಪ್ಪಾಲಿಗೆ ಹಾಕಿದರೆ ಬರುವ ತಿಂಗಳು ಅಚ್ಚಾಗುತ್ತದೆ, ನೀಲು ಓದುತ್ತಾಳೆ, ಅಲ್ಲಿಗೆ ಮುಗಿಯಿತು, ಯಾರ ಮುಖವನ್ನೂ ನೋಡಬೇಕಾಗಿಲ್ಲ, ಎಷ್ಟು ಅಚ್ಚುಕಟ್ಟು, ಎತ್ತಿ ನೋಡಿದ ಎಲೆಯನ್ನು ಹಾಗೆಯೇ ಮುಚ್ಚಿಟ್ಟ ಹಾಗೆ. ಥೂ ನಿನ್ನ. ಎದ್ದೆ, ಬುಟ್ಟಿ ದಾಟಿದೆ, ಹಲಗೆ ಕಂಕುಳಲ್ಲಿದೆ, ಯಾಕೆ ತಂದೆ ಇದನ್ನು, ಸೀಟಿನಲ್ಲಿ ಬಿಡಬಹುದಿತ್ತು, ಕಾಲು ನೆಲ ಮುಟ್ಟಿತು, ಸೋಣ ತಿಂಗಳ ಬಿಸಿಲು ಕಣ್ಣಿಗೆ ಹೊಡೆಯಿತು, ಹೋಟೆಲಿನಲ್ಲಿ ಗೋಳಿಬಜೆ ಕರಿಯುವ ವಾಸನೆ, ಹುಕ್ರಪ್ಪ ಎದ್ದು ನಿಂತು ಬನ್ನಿ ಬನ್ನಿ ಎಂದವನು ಯಾರೆಂದು ತಿಳಿದ ಮೇಲೆ ಕೈ ಒರೆಸಿಕೊಳ್ಳುತ್ತಾ ಒಳಬಾಗಿಲಿನ ಕಡೆ ತಿರುಗಿದ, ಹೇಯ್, ಇಲ್ಲಿ ನೋಡು ಮಾರಾಯ್ತಿ ಯಾರು ಬಂದಿದ್ದಾರೆ. ಬಂದಳು. ತಲೆಯ ಮುಂದಿನ ಕೂದಲು ನರೆತಿದೆ, ಅಮ್ಮನದೇ ಹುಬ್ಬು, ನನ್ನನ್ನು ನೋಡಿ ಬೆಚ್ಚಿಬೀಳಲಿಲ್ಲ, ಪ್ರತಿ ಶನಿವಾರವೂ ಬರುವವಳು ಬಂದ ಹಾಗೆ, ಕೂತ್ಕೋ ಅಕ್ಕ, ಕಾಗದ ಸಿಕ್ಕಿತಾ. ಸಿಕ್ಕಿತು. ಬರೆದದ್ದು ನೀನೇ ಅಂತ ನನಗೆ ಮೊದಲ ತಿಂಗಳೇ ಗೊತ್ತಾಗಿದೆ, ಹೀಗೆ ಎಲ್ಲದಕ್ಕೂ ಮಾರ್ಕು ಕೊಡುವವರು ಈ ಜಿಲ್ಲೆಯಲ್ಲಿ ಬೇರೆ ಯಾರಿದ್ದಾರೆ, ಹೋದ ತಿಂಗಳವರೆಗೆ ನಾನೂ ಸುಮ್ಮನಿದ್ದೆ. ಕರೆದದ್ದು ನಾನು ನೀಲು — ನನ್ನ ಸ್ವರವೇ ನನಗೆ ಕೇಳಿಸಲಿಲ್ಲ, ಡ್ರೈವರ್ ಚಹಾ ಹೀರುತ್ತಿದ್ದ, ಇನ್ನೊಮ್ಮೆ ಹೇಳಿದೆ, ಕರೆದದ್ದು ನಾನು, ಅಮ್ಮನ ಹತ್ತಿರ ಸುಳ್ಳು ಹೇಳಿದ್ದೂ ನಾನು. ಅವಳು ತಲೆ ಅಲ್ಲಾಡಿಸಿದಳು, ಅದು ನನಗೆ ಗೊತ್ತಿಲ್ವಾ ಅಕ್ಕ, ಅಲ್ಲೇ ಇದ್ದೆನಲ್ಲ. ಪತ್ರಿಕೆಯಲ್ಲಿ ಬರೀತೇನೆ, ಹೆಸರು ಹಾಕಿಯೇ ಬರೀತೇನೆ ಎಂದೆ. ಅಮ್ಮನಿಗೆ ಓದ್ಲಿಕ್ಕೆ ಬರ್ತದಾ? ಬರುವುದಿಲ್ಲ, ಅಮ್ಮನಿಗೆ ಅಕ್ಷರ ಬಾರದು, ಪತ್ರಿಕೆಯನ್ನು ನಾನೇ ಓದಿ ಹೇಳುತ್ತೇನೆ, ಹೋದ ತಿಂಗಳು ಆ ನಾಲ್ಕು ಸಾಲು ಬಿಟ್ಟು ಓದಿದ್ದೆ, ಅದನ್ನು ನೀಲುವಿಗೆ ಹೇಳುವ ಅಗತ್ಯವಿರಲಿಲ್ಲ, ಅವಳು ನನ್ನ ಮುಖ ನೋಡುತ್ತಿದ್ದಳು. ಅಮ್ಮ ಹೇಗಿದ್ದಾಳೆ ಅಂತ ಬಸ್ಸಿನವರು ದಿನಾ ಹೇಳ್ತಾರೆ, ನೀನೊಬ್ಬಳು ಹೇಳಿಕಳಿಸಲಿಲ್ಲ ಎಂದಳು. ಒಳಗೆ ಹೋದಳು, ಸೀರೆಯ ಮೇಲೊಂದು ಶಾಲು ಹೊದ್ದು ಕೊಡೆ ಹಿಡಿದು ಬಂದಳು, ಹಾಲು ಉಕ್ಕದ ಹಾಗೆ ನೋಡ್ಕೊಳ್ಳಿ, ನಾಳೆ ಬರ್ತೇನೆ ಎಂದು ಗಂಡನಿಗೆ ಹೇಳಿದಳು, ಹುಕ್ರಪ್ಪ ಹೂಂ ಎಂದ, ಬೇರೇನೂ ಕೇಳಲಿಲ್ಲ, ಒಳ್ಳೆಯ ಮನುಷ್ಯ. ನಡಿ ಅಕ್ಕ, ನೀನು ಅಮ್ಮನ ಎದುರು ಹೇಳು, ನೀನು ಹೇಳಿದ ಮೇಲೆ ನಾನು ಅವಳಿಗೆ ನೀರು ಕೊಡ್ತೇನೆ. ಕುಡಿಯದಿದ್ದರೆ? ಕುಡಿಯದಿದ್ದರೆ ಬೇಡ, ಯಾಕೆ ಕುಡಿಯುವುದಿಲ್ಲ ಅಂತ ಗೊತ್ತಿದ್ದು ಕುಡಿಯದೆ ಇರಲಿ. ಇಷ್ಟು ಹೊತ್ತಿಗೆ ಡ್ರೈವರ್ ಗ್ಲಾಸು ಕೆಳಗಿಟ್ಟಿದ್ದ.

ಕೋಳಿಯ ಹೆಂಗಸು ಇಳಿದುಹೋಗಿದ್ದಾಳೆ, ಅವಳ ಜಾಗದಲ್ಲಿ ನೀಲು, ಬಸ್ಸು ಹೊರಟಿತು, ಸಿದ್ಧಕಟ್ಟೆಯಿಂದ ಬಂಟ್ವಾಳಕ್ಕೆ ಮುಕ್ಕಾಲು ಗಂಟೆ, ಅಷ್ಟರಲ್ಲಿ ಮಾತು ಕೂಡಿಸಿಕೊಳ್ಳಬೇಕು, ಅಮ್ಮಾ, ಭೋಜನಿಗೆ ಜ್ವರ ಬಂದಿತ್ತಲ್ಲ — ಹೀಗೆ ಶುರು ಮಾಡಿದರೆ ಭೋಜ ಎನ್ನುವಾಗಲೇ ಅವಳು ಅಳುತ್ತಾಳೆ, ಎದೆ ಸೋತವಳು, ಅಳು ತಡೆಯಲಾರಳು, ಹೇಳಿದ್ದರಿಂದಲೇ ಏನಾದರೂ ಆಗಿಬಿಟ್ಟರೆ, ಈಗ ಹೇಳಿ ಯಾರಿಗೆ ಏನು ಲಾಭ, ನೋಡು, ವಕೀಲರ ಬುದ್ಧಿ ಮತ್ತೆ ಎದ್ದಿತು, ಇದನ್ನು ಅವತ್ತೇ ಮಣೆಯ ಜೊತೆ ಅಟ್ಟಕ್ಕೆ ಹಾಕಿಬಿಟ್ಟಿದ್ದರೆ ಎಷ್ಟು ಒಳ್ಳೆಯದಿತ್ತು. ಅಮ್ಮಾ, ನಾನು ಒಂದು ಸುಳ್ಳು ಹೇಳಿದ್ದೆ. ಇದು ಪರವಾಗಿಲ್ಲ. ಯಾವಾಗ ಎಂದು ಕೇಳುತ್ತಾಳೆ, ಯಾವಾಗ ಎಂದರೆ ಏನು ಹೇಳಲಿ, ಅವತ್ತಿನಿಂದ ನಿನ್ನೆಯವರೆಗೆ ದಿನಾ ಹೇಳಿದ್ದೇನೆ, ನಿನಗೆ ಗಂಜಿ ಕುಡಿಸುವಾಗ, ತಲೆ ಬಾಚುವಾಗ, ನೀನೊಬ್ಬಳೇ ಮಗಳು ನನಗೆ ಎಂದು ನೀನು ನನ್ನ ಕೈ ಹಿಡಿದುಕೊಂಡಾಗ ಕೈ ಬಿಡಿಸಿಕೊಳ್ಳದೆ ಕೂತಿದ್ದೆನಲ್ಲ, ಆಗಲೂ ಹೇಳಿದ್ದೇನೆ. ತಿರುವಿನಲ್ಲಿ ಬಸ್ಸು ವಾಲಿತು, ಹಲಗೆ ಜಾರಿತು, ಹಿಡಿದುಕೊಂಡೆ, ನೀಲು ಎದುರಿನ ಸೀಟಿನ ಕಬ್ಬಿಣದ ಸರಳನ್ನು ಹಿಡಿದಳು, ಎಡಗೈಯಲ್ಲಿ. ನೋಡಬಾರದು ಎಂದುಕೊಂಡೆ. ಅಮ್ಮಾ, ಅವತ್ತು ನೀನು ಯಾವ ಕೈ ಎಂದು ಕೇಳಿದೆಯಲ್ಲ — ಬಾಗಿದ ಎರಡು ಬೆರಳು ಸರಳಿನ ಸುತ್ತ ಅಳತೆಗೆ ಮಾಡಿದಂತೆ ಕೂತಿವೆ, ಉಳಿದ ಮೂರು ಬಿಗಿದು ಬಿಗಿದು ಸಡಿಲುತ್ತವೆ, ಆ ಎರಡು ಸಡಿಲುವುದಿಲ್ಲ. ಇಳಿಜಾರು, ಗದ್ದೆ, ಯಾರೋ ಹತ್ತಿದರು, ಯಾರೋ ಬಂಟ್ವಾಳ ಎಷ್ಟು ಹೊತ್ತಿಗೆ ಎಂದು ಕೇಳಿದರು. ಅಮ್ಮಾ — ಅವಳು ಇನ್ನೂ ಹಿಡಿದುಕೊಂಡಿದ್ದಾಳೆ, ರಸ್ತೆ ನೆಟ್ಟಗಿದೆ, ಹಿಡಿಯುವ ಅಗತ್ಯವಿಲ್ಲ, ಕೈ ತೆಗೆ ನೀಲು, ತೆಗೆಯುವುದಿಲ್ಲ, ನನ್ನ ಕಣ್ಣ ಎದುರಿಗೇ ಇಟ್ಟಿದ್ದಾಳೆ, ಅಂಗೈಯ ಅಂಚಿನಿಂದ ಮಣಿಕಟ್ಟಿನ ತನಕ ನುಣುಪಾಗಿ ಹೊಳೆಯುವ ಚರ್ಮ, ಸಟ್ಟುಗದಷ್ಟೇ ಅಗಲ. ಅಮ್ಮಾ, ನಾನು — ಸರಳಿನ ಮೇಲೆ ಆ ಕೈ. ಅಮ್ಮಾ, ಕರೆದದ್ದು — ಆ ಕೈ, ಸರಳಿನ ಮೇಲೆ, ಆ ಎರಡು ಬೆರಳು.